ಅರಗಿನ ಮೇಲಿನ ಹೆಬ್ಬೆಟ್ಟು

ಮೊನ್ನೆ ಅಂಚೆ ಕಚೇರಿಗೆ ಹೋಗಿದ್ದೆ. ಸೇಡಂನಲ್ಲಿರುವ ತಂಗಿಗೆ ಒಂದು ಪಾರ್ಸಲ್ ಕಳಿಸುವುದಿತ್ತು. ಎರಡು ಸೇರು ಶಾವಿಗೆ, ಒಂದು ಡಬ್ಬಿ ಶೇಂಗಾ ಹಿಂಡಿ, ಅವಳ ಮಗಳಿಗೆಂದು ಹೊಲಿದಿಟ್ಟ ಎರಡು ಪೋಲಕ. ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಇಟ್ಟು ಹೊಲಿದು, ಮೇಲೆ ವಿಳಾಸ ಬರೆದುಕೊಂಡೇ ಹೋಗಿದ್ದೆ. ಕಿಟಕಿಯಲ್ಲಿದ್ದವರು ಹೊಲಿಗೆಯ ಮೇಲೆ ಅರಗು ಹಾಕಬೇಕು ಅಂದರು. ಮೋಂಬತ್ತಿ ಹಚ್ಚಿ, ಕೆಂಪು ಅರಗಿನ ಕಡ್ಡಿಯನ್ನು ಉರಿಗೆ ಹಿಡಿದರು. ಅದು ಕರಗಿ ತೊಟ್ಟಿಕ್ಕಲು ಶುರುವಾಯಿತು. ಮೊದಲು ಸುಟ್ಟ ಬೆಲ್ಲದಂಥ ವಾಸನೆ, ಆಮೇಲೆ ಗಂಟಲಿಗೆ ಹತ್ತುವ ಹೊಗೆ...

ನನ್ನ ಬಲಗೈ ಹೆಬ್ಬೆರಳು ತಾನಾಗಿಯೇ ಮುಷ್ಟಿಯೊಳಗೆ ಸೇರಿಕೊಂಡಿತು. ಮೈ ಬೆವರಿತು.

"ಯಾಕ್ರಿ ಬಾಯಿ, ಆರಾಮ ಇಲ್ಲೇನ್ರಿ? ಜರಾ ಅಲ್ಲಿ ಕುಂದರ್ರಿ," ಅಂದರು ಕಿಟಕಿಯವರು.

ಬೆಂಚಿನ ಮೇಲೆ ಕೂತೆ. ಅವರು ಬಿಸಿ ಅರಗಿನ ಮೇಲೆ ಹಿತ್ತಾಳೆಯ ಮುದ್ರೆ ಒತ್ತುವುದನ್ನು ನೋಡಲಾಗದೆ ಗೋಡೆಯ ಕಡೆ ಮುಖ ಮಾಡಿದೆ. ಇಪ್ಪತ್ತು ವರ್ಷದ ಮೇಲಾಯಿತು. ಆದರೂ ಆ ವಾಸನೆ ಬಂದರೆ ಸಾಕು, ಟೆಲೆಕ್ಸ್ ಕಾಕಾ ಎದುರಿಗೆ ಬಂದು ನಿಲ್ಲುತ್ತಾರೆ. ಬಿಳಿ ಧೋತರ, ಕಂದು ಬಣ್ಣದ ಕೋಟು, ಕೈಯಲ್ಲಿ ಎರಡು ಖಾನೆಯ ಊಟದ ಡಬ್ಬಿ.

ಎಂಬತ್ತರ ದಶಕದ ನಡುವಿನ ಮಾತು. ಹುಮನಾಬಾದಿನ ಹೊರಗೆ ಒಂದು ಔಷಧದ ಕಾರ್ಖಾನೆ ಬಂದಿತ್ತು. ನಮ್ಮೂರು ಕಲ್ಯಾಣದಿಂದ ದಿನಾ ಬೆಳಿಗ್ಗೆ ಏಳೂವರೆಯ ಕೆಂಪು ಬಸ್ಸಿಗೆ ಹತ್ತಿ, ಬಂಗ್ಲಾ ಅನ್ನುವ ತಿರುವಿನಲ್ಲಿ ದೊಡ್ಡ ರಸ್ತೆ ಹಿಡಿದು ಅಲ್ಲಿಗೆ ಹೋಗುವವರು ನಮ್ಮ ಓಣಿಯಲ್ಲಿ ಇಬ್ಬರೇ. ಒಬ್ಬರು ಕಾಕಾ, ಇನ್ನೊಬ್ಬಳು ನಾನು. ನಾನು ಟೈಪಿಂಗ್ ಕಲಿತಿದ್ದೆ. ಕಾರ್ಖಾನೆಯವರು ಟೈಪಿಸ್ಟ್ ಬೇಕು ಅಂದಾಗ ಅಪ್ಪ ಒಪ್ಪಲಿಲ್ಲ. ಹಿಟ್ಟಿನ ಗಿರಣಿ ನಡೆಸುತ್ತಿದ್ದ ಮನುಷ್ಯ. ರೆಪ್ಪೆಗೂದಲ ಮೇಲೆ ಕೂತ ಹಿಟ್ಟಿನ ಹಾಗೆ ಮಂದಿಯ ಮಾತು ಅವರನ್ನು ಬಿಡುತ್ತಿರಲಿಲ್ಲ. ಹೆಣ್ಣುಮಗಳು ಬಸ್ಸು ಹತ್ತಿ ಇನ್ನೊಂದೂರಿಗೆ ದುಡಿಯಲು ಹೋದರೆ ಓಣಿ ಏನಂದೀತು ಅಂತ ಅವರ ಚಿಂತೆ. ಆಗ ಕಾಕಾ ಒಂದು ಸಂಜೆ ಗಿರಣಿಗೆ ಬಂದು, ಜೋಳದ ಚೀಲದ ಮೇಲೆ ಕೂತು, ಒಂದೇ ಮಾತು ಹೇಳಿದರಂತೆ: "ಅಣ್ಣಾ, ಹೋಗೂದು ನನ್ನ ಜೋಡಿ, ಬರೂದು ನನ್ನ ಜೋಡಿ. ಆಕಿ ಜಿಮ್ಮಾ ನಂದು." ಅವರು ಹೊಣೆ ಹೊತ್ತ ಆ ಮಾತಿನ ಮೇಲೆ ನಾನು ಮನೆಯ ಹೊಸಲು ದಾಟಿದೆ.

ಕಾಕಾ ಹುಟ್ಟಿದ ಊರು ಗೋರ್ಟಾ. ನಲವತ್ತೆಂಟರಲ್ಲಿ ಆ ಊರಿನಲ್ಲಿ ಕಗ್ಗೊಲೆ ನಡೆದಾಗ ಅವರು ಹದಿನೈದು ಹದಿನಾರರ ಹುಡುಗ. ಆ ವರ್ಷದ ಮಾತನ್ನು ಅವರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಎತ್ತಿದರೆ ಕಾಕಾ ಕಿಟಕಿಯ ಹೊರಗೆ ನೋಡುತ್ತಾ ಕೂತುಬಿಡುತ್ತಿದ್ದರು. ಬಾಯಿ ಕಾದರೆ ಜೀವ ಕಾದಂತೆ ಅನ್ನುವುದು ಅವರ ಮಾತು. ನಾವು ಅದನ್ನು ಅವರ ಜಿಪುಣತನದ ಒಂದು ತರಹ ಅಂತ ನಗುತ್ತಿದ್ದೆವು. ಮಾತು ಖರ್ಚು ಮಾಡಲಿಕ್ಕೂ ಹಿಂದೆಮುಂದೆ ನೋಡುವ ಮನುಷ್ಯ ಅಂತ.

ಅವರ ಕೆಲಸವೂ ಅಂಥದ್ದೇ ಇತ್ತು. ಟೆಲೆಕ್ಸ್ ಅಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಟೈಪ್‌ರೈಟರಿನಂಥದೇ ಯಂತ್ರ. ಇಲ್ಲಿ ಬಡಿದ ಅಕ್ಷರ ತಂತಿಯ ಮೇಲೆ ಓಡಿ ಬೊಂಬಾಯಿಯ ಯಂತ್ರದಲ್ಲಿ ತಾನೇ ಮೂಡುತ್ತಿತ್ತು. ಬೊಂಬಾಯಿಯ ಹೆಡ್ ಆಫೀಸಿಗೆ ಆಗಲೇ ಕಂಪ್ಯೂಟರ್ ಬಂದಿತ್ತು. ಯಾವ ಕಡಾಯಿಯಲ್ಲಿ ಯಾವ ಪುಡಿ ಎಷ್ಟು, ಎಷ್ಟು ಹೊತ್ತು, ಎಷ್ಟು ಕಾವು, ಇದೆಲ್ಲ ದಿನವೂ ಇಲ್ಲಿಂದ ಅದಕ್ಕೆ ಹೋಗಬೇಕು. ಆ ಅಳತೆಗಳೇ ಕಾರ್ಖಾನೆಯ ಗುಟ್ಟು. ದಾರಿಯಲ್ಲಿ ಯಾರೂ ಓದಬಾರದು ಅಂತ ಟೆಲೆಕ್ಸ್ ಯಂತ್ರಕ್ಕೂ ತಂತಿಗೂ ನಡುವೆ ಒಂದು ಪೆಟ್ಟಿಗೆ ಕೂರಿಸಿದ್ದರು.

ಮದುವೆಯ ಸೀರೆ ಇಡುವ ಟ್ರಂಕಿನಷ್ಟು ದೊಡ್ಡದು. ಬೂದು ಬಣ್ಣದ ಕಬ್ಬಿಣ. ಎರಡು ಕೀಲಿಯ ತೂತು, ಒಂದು ಕೀಲಿ ಮ್ಯಾನೇಜರರ ಹತ್ತಿರ, ಒಂದು ಕಾಕಾ ಹತ್ತಿರ. ಈ ಕಡೆಯಿಂದ ನಾವು ಬರೆದದ್ದು ಅದರ ಹೊಟ್ಟೆಯೊಳಗೆ ಹೋಗಿ ಆ ಕಡೆ ಹುಚ್ಚು ಹಿಡಿದವರ ಮಾತಾಗಿ ಹೊರಡುತ್ತಿತ್ತು. ಒಮ್ಮೆ ಒಂದು ಕಾಗದ ನೋಡಿದ್ದೆ. ಐದೈದು ಅಕ್ಷರದ ಗುಂಪು, ಒಂದಕ್ಕೂ ಅರ್ಥವಿಲ್ಲ. ಬೊಂಬಾಯಿಯಲ್ಲಿ ಇದರದೇ ಜೋಡಿ ಪೆಟ್ಟಿಗೆ ಇತ್ತಂತೆ, ಅದು ಮತ್ತೆ ಸರಿ ಮಾಡಿ ಕಂಪ್ಯೂಟರಿಗೆ ಕೊಡುತ್ತಿತ್ತಂತೆ. ದಿನಾ ಬೆಳಿಗ್ಗೆ ಕಾಕಾ ಒಂದು ಲಕೋಟೆ ಹರಿದು, ತೂತು ತೂತಿನ ಚೀಟಿಯೊಂದನ್ನು ಪೆಟ್ಟಿಗೆಗೆ ಉಣಿಸುತ್ತಿದ್ದರು. ಎರಡೂ ಕಡೆ ಅದೇ ದಿನದ ಚೀಟಿ ಇದ್ದರೆ ಮಾತ್ರ ಮಾತು ತಿಳಿಯುವುದು. ನಿನ್ನೆಯ ಚೀಟಿಯನ್ನು ಮಣ್ಣಿನ ಪಣತಿಯಲ್ಲಿ ಸುಟ್ಟು, ಬೂದಿಯನ್ನು ಬೆರಳಿನಿಂದ ನುರಿದು, ನೀರು ಹಾಕಿ ಕಿಟಕಿಯ ಹೊರಗಿನ ಬೇವಿನ ಬುಡಕ್ಕೆ ಸುರಿಯುವರು. ಅವರ ಬೆರಳ ತುದಿ ಯಾವಾಗಲೂ ಸ್ವಲ್ಪ ಕಪ್ಪು.

ಪೆಟ್ಟಿಗೆಯ ಮುಂಭಾಗದಲ್ಲಿ, ಮುಚ್ಚಳ ಸೇರುವ ಜಾಗದಲ್ಲಿ, ರೂಪಾಯಿ ನಾಣ್ಯದಷ್ಟಗಲ ಕೆಂಪು ಅರಗು. ಅದರ ಮೇಲೆ ಕಂಪನಿಯ ಮುದ್ರೆ. ಮುದ್ರೆ ಒತ್ತುವ ಹಿತ್ತಾಳೆಯ ಅಚ್ಚು ಬೊಂಬಾಯಿಯಲ್ಲೇ ಇರುತ್ತಿತ್ತು. ಮೂರು ತಿಂಗಳಿಗೊಮ್ಮೆ ಇಂಜಿನಿಯರ್ ಬಂದು ಅರಗು ಒಡೆದು, ಒಳಗೆಲ್ಲ ನೋಡಿ, ಹೊಸದಾಗಿ ಮುದ್ರೆ ಹಾಕಿ ಹೋಗುವನು. ನಡುವೆ ಅರಗಿಗೆ ಏನಾದರೂ ಆದರೆ ಪೆಟ್ಟಿಗೆ ಇಟ್ಟಿದ್ದ ಖೋಲಿಯ ಕೀಲಿ ಇಟ್ಟುಕೊಂಡವರೇ ಉತ್ತರ ಕೊಡಬೇಕು. ಒಳಗಿನ ಗುಟ್ಟಿನ ಬಗ್ಗೆ ನಾನು ಕೇಳಿದಾಗ ಕಾಕಾ ನಕ್ಕು, ಇದರ ಹೊಟ್ಟೆ ಕಳ್ಳತನದಿಂದ ಬಿಚ್ಚಿದರೆ ತನ್ನ ಗುಟ್ಟು ತಾನೇ ನುಂಗಿಬಿಡುತ್ತದೆ, ಮನುಷ್ಯನಿಗಿಂತ ಇದಕ್ಕೇ ಮರ್ಯಾದೆ ಹೆಚ್ಚು ಅಂದಿದ್ದರು.

ಆ ವರ್ಷ ಕಾರ್ಖಾನೆಯಲ್ಲಿ ಹೆದರಿಕೆ ಹೊಕ್ಕಿತ್ತು. ನಮ್ಮಲ್ಲಿ ತಯಾರಾಗುತ್ತಿದ್ದ ಒಂದು ಔಷಧ, ಅದೇ ಪಾಕದಲ್ಲಿ, ಬೇರೆ ಯಾರದೋ ಹೆಸರಲ್ಲಿ ಪೇಟೆಗೆ ಬಂದಿತ್ತು. ಗುಟ್ಟು ಹೊರಗೆ ಹೋಗಿದೆ ಅಂತ ಬೊಂಬಾಯಿಯಿಂದ ಒಬ್ಬ ಸೆಕ್ಯೂರಿಟಿ ಸಾಹೇಬ ಬಂದ. ದಪ್ಪ ಮೀಸೆ, ಮೆತ್ತನೆಯ ದನಿ. ಯಾರನ್ನೂ ಬೈಯುತ್ತಿರಲಿಲ್ಲ, ಅದೇ ಹೆದರಿಕೆ. ಬೇಸಿಗೆಯಲ್ಲಿ ಉಗ್ರಾಣದ ಗುಮಾಸ್ತನನ್ನು ಕರೆದು ಇಡೀ ದಿನ ತನ್ನ ಖೋಲಿಯಲ್ಲಿ ಕೂರಿಸಿದ. ಸಂಜೆ ಒಂದು ಜೀಪು ಬಂದು ಅವನನ್ನು ಕರೆದೊಯ್ದಿತು. ನಾಲ್ಕು ದಿನದ ಮೇಲೆ ವಾಪಸು ಬಂದ. ಏನಾಯಿತು ಅಂತ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಚಾ ಕಪ್ಪು ಹಿಡಿದರೆ ಬಸಿಯ ಮೇಲೆ ಕಟಕಟ ಸದ್ದಾಗುತ್ತಿತ್ತು. ಆಮೇಲೆ ಅವನು ಕೆಲಸಕ್ಕೆ ಬರುವುದೇ ಬಿಟ್ಟ... ಅಂದಿನಿಂದ ನಾವೆಲ್ಲ ಕಾಗದದ ಚೂರನ್ನೂ ನೆಲಕ್ಕೆ ಬೀಳಿಸುತ್ತಿರಲಿಲ್ಲ.

ದಸರೆ ಬಂತು. ನವಮಿಯ ದಿನ ಖಂಡೆಪೂಜೆ. ನಮ್ಮ ಕಡೆ ಗೊತ್ತೇ ಇದೆಯಲ್ಲ, ಅವತ್ತು ಕೈಗೆ ಅನ್ನ ಕೊಡುವ ಎಲ್ಲ ಸಾಮಾನಿಗೂ ಪೂಜೆ ಆಗಬೇಕು. ಬಾಯ್ಲರ್ ತೊಳೆದು ವಿಭೂತಿ ಬಳಿದರು, ತಕ್ಕಡಿಗೆ ಕುಂಕುಮ ಇಟ್ಟರು, ಗೇಟಿಗೆ ಬಾಳೆಕಂಬ ಕಟ್ಟಿದರು. ನನ್ನ ಟೈಪ್‌ರೈಟರನ್ನು ನಾನೇ ಒರೆಸಿ, ಚೆಂಡು ಹೂವಿನ ಸರ ಹಾಕಿ, ಕರ್ಪೂರ ಬೆಳಗಿದೆ. ಪೂಜೆಯಾದ ಸಾಮಾನನ್ನು ಅವತ್ತು ಮತ್ತೆ ಮುಟ್ಟುವಂತಿಲ್ಲ, ಏರಿಸಿದ ಹೂವನ್ನು ಮರುದಿನದವರೆಗೆ ತೆಗೆಯುವಂತಿಲ್ಲ. ಬೇರೆಯವರು ಕಾಲಿಡುವಂತಿಲ್ಲ ಅಂತ ಪೆಟ್ಟಿಗೆಯ ಖೋಲಿ ಒಂದಕ್ಕೆ ಮಾತ್ರ ಪೂಜೆ ಇಲ್ಲ. ಬಾಗಿಲ ಚೌಕಟ್ಟಿಗೆ ಕಾಕಾ ತಾವೇ ಒಂದು ಬೊಟ್ಟು ಇಟ್ಟು, ಇಷ್ಟು ಸಾಕು ಅಂದರು.

ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಮುದುಕಿ ಆಯಿ, ಪಕ್ಕದ ಹುಡಗಿ ಅನ್ನುವ ಹಳ್ಳಿಯವಳು. ಅವಳಿಗೆ ಇದು ಸಹಿಸಲಿಲ್ಲ. ಪೊರಕೆಗೂ ಕುಂಕುಮ ಇಡುವ ದಿನ ಅಷ್ಟು ದೊಡ್ಡ ಪೆಟ್ಟಿಗೆ ಬೋಳು ಹಣೆಯಲ್ಲಿ ಕೂತಿದೆಯಲ್ಲ, ಅದು ಮುನಿದರೆ ಯಾರ ಮೇಲೆ ಬೀಳುತ್ತದೆ, ದಿನಾ ಅದರ ಮುಂದೆ ಕೂರುವ ನಿನ್ನ ಕಾಕಾನ ಮೇಲೇ ಅಲ್ಲವೇ ಅಂತ ನನ್ನ ಕಿವಿಯಲ್ಲಿ ಅಂದಳು. ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ.

ಮಧ್ಯಾಹ್ನ ಬಾಯ್ಲರ್ ಮುಂದೆ ಕಾಯಿ ಒಡೆಯಲು ಹಿರಿಯರು ಬೇಕು ಅಂತ ಮ್ಯಾನೇಜರು ಕಾಕಾನನ್ನು ಕರೆಸಿದರು. ಕಾಕಾ ಬಾಗಿಲು ಮುಂದೆ ಮಾಡಿ, ಕೀಲಿ ಹಾಕಲು ಹೋದವರು ನನ್ನನ್ನು ನೋಡಿ ನಿಂತರು. ಎರಡು ನಿಮಿಷದ ಕೆಲಸ, ಇಲ್ಲೇ ನಿಂತಿರು, ಯಾರನ್ನೂ ಒಳಗೆ ಬಿಡಬೇಡ ಅಂದರು. ನನಗೆ ತಿಳಿದಂತೆ ಅವರು ಕೀಲಿ ಹಾಕದೆ ಆ ಖೋಲಿ ಬಿಟ್ಟದ್ದು ಅದೊಂದೇ ಸಲ. ನನ್ನ ಮೇಲಿನ ನಂಬಿಕೆಯಿಂದ.

ನಾನು ಯಾರನ್ನೂ ಒಳಗೆ ಬಿಡಲಿಲ್ಲ. ನಾನೇ ಹೋದೆ.

ಕೈಯಲ್ಲಿ ಆರತಿಯ ತಾಟು ಇತ್ತು. ಪೆಟ್ಟಿಗೆಯ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದೆ, ಕುಂಕುಮ ಇಟ್ಟೆ. ಮುಂಭಾಗದಲ್ಲಿ ಸಣ್ಣ ಅಂಚು ಇತ್ತು. ಅದರ ಮೇಲೆ ವೀಳ್ಯದೆಲೆ ಇಟ್ಟು, ಎಲೆಯ ಮೇಲೆ ಕರ್ಪೂರ ಹಚ್ಚಿ ಕಣ್ಣು ಮುಚ್ಚಿದೆ. ಕಾಕಾಗೆ ಕೆಟ್ಟದಾಗದಿರಲಿ ಅಂತಲೇ ಬೇಡಿಕೊಂಡೆ. ಕಣ್ಣು ತೆರೆಸಿದ್ದು ಆ ವಾಸನೆ. ಸುಟ್ಟ ಬೆಲ್ಲದ ವಾಸನೆ. ನೋಡುತ್ತೇನೆ, ಉರಿಯ ಮೇಲೆ ಎರಡು ಬೆರಳ ಅಂತರದಲ್ಲೇ ಅರಗು. ಅದು ಬೆಂದ ಪಾಕದ ಹಾಗೆ ಕೆಳಗೆ ಜಾರುತ್ತಿತ್ತು. ಮುದ್ರೆಯ ಅಕ್ಷರಗಳು ಒಂದರೊಳಗೊಂದು ಕರಗುತ್ತಿದ್ದವು.

ಕರ್ಪೂರ ಊದಿದೆ. ಜಾರಿದ ಅರಗನ್ನು ಮೇಲಕ್ಕೆ ತಳ್ಳಲು ಹೆಬ್ಬೆರಳಿನಿಂದ ಒತ್ತಿದೆ. ಚುರ್ ಅಂತು. ಕೈ ಎಳೆದುಕೊಂಡಾಗ ಮುದ್ರೆ ಇದ್ದ ಜಾಗದಲ್ಲಿ ನನ್ನ ಬೆರಳಿನ ಗೆರೆಗಳು ಸುರುಳಿ ಸುರುಳಿಯಾಗಿ ಮೂಡಿದ್ದವು. ಹೊರಗೆ ಕಾಯಿ ಒಡೆದ ಸದ್ದು, ಮಂದಿಯ ಜಯಕಾರ. ಬೇರೇನೂ ತೋಚದೆ ಎಲೆಯನ್ನು ತಾಟಿಗೆ ಹಾಕಿಕೊಂಡು, ಅದರಲ್ಲಿದ್ದ ಹೂವಿನ ಸರವನ್ನು ಅರಗಿನ ಮೇಲೆ ಇಳಿಬಿಟ್ಟು ಬಾಗಿಲಿಗೆ ಬಂದು ನಿಂತೆ.

ಕಾಕಾ ಬಂದರು. ಹೂವು ನೋಡಿ ಹುಬ್ಬು ಗಂಟಿಕ್ಕಿದರು. ಮನಸ್ಸು ತಡೆಯಲಿಲ್ಲ, ಒಂದೇ ಹೆಜ್ಜೆ ಒಳಗಿಟ್ಟು ವಿಭೂತಿ ಎಳೆದು ಹೂವು ಏರಿಸಿದೆ, ಅಷ್ಟೇ ಅಂದೆ ನಾನು. ಹೊಗೆಯ ವಾಸನೆ ಕಾರ್ಖಾನೆಯ ತುಂಬ ಇತ್ತು, ಪ್ರತಿ ಯಂತ್ರದ ಮುಂದೆಯೂ ಊದಿನಕಡ್ಡಿ, ಕರ್ಪೂರ. ದಿನಾ ಮನೆಗೆ ಹೊರಡುವ ಮುಂಚೆ ಅರಗಿನ ಮೇಲೆ ಕಣ್ಣಾಡಿಸುವುದು ಅವರ ರೂಢಿ. ಅವತ್ತು ಅರಗಿನ ಮೇಲೆ ಖಂಡೆಪೂಜೆಯ ಹೂವಿತ್ತು. ಅವರ ಕೈ ಮುಂದೆ ಹೋಗಿ, ಮತ್ತೆ ಹಿಂದಕ್ಕೆ ಬಂತು. ಏರಿಸಿದ ಹೂವು ತೆಗೆಯಲು ಅವರಿಗೆ ಮನಸ್ಸಾಗಲಿಲ್ಲ. ಕೈ ಮುಗಿದು, ಕೀಲಿ ಹಾಕಿಕೊಂಡು ಹೊರಟರು.

ಮರುದಿನ ದಸರೆ, ರಜೆ. ಆ ರಾತ್ರಿ, ಆ ಹಗಲು ನಾನು ಹೇಗೆ ಕಳೆದೆ ಅಂತ ಕೇಳಬೇಡಿ. ಹೊರಗೆ ಯಾವ ಗಾಡಿಯ ಸದ್ದು ಬಂದರೂ ಜೀಪು ಅನ್ನಿಸುತ್ತಿತ್ತು. ಹೆಬ್ಬೆರಳು ಬೊಬ್ಬೆ ಎದ್ದಿತ್ತು, ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡಿದ್ದೆ. ಸಂಜೆ ಕಾಕಾ ಬನ್ನಿ ಕೊಡಲು ನಮ್ಮ ಮನೆಗೆ ಬಂದರು. ಬನ್ನಿ ತಗೊಂಡು ಬಂಗಾರದಂಗ ಇರೂಣು ಅಂತ ಅಪ್ಪನ ಕೈಗೆ ಎಲೆ ಕೊಟ್ಟು ಅಪ್ಪಿಕೊಂಡರು. ನಾನು ಕಾಲು ಮುಟ್ಟಿ ಕೈ ಒಡ್ಡಿದಾಗ ಅವರ ಕಣ್ಣು ಬಟ್ಟೆಯ ಮೇಲೆ ಬಿತ್ತು.

"ಏನಾತವ್ವಾ ಬೆರಳಿಗೆ?"

"ರೊಟ್ಟಿ ಹಂಚು ತಾಗ್ತ್ರಿ ಕಾಕಾ."

ಒಳಗಿನಿಂದ ಅವ್ವ ತನ್ನ ಪಾಡಿಗೆ ತಾನು ಅಂದುಬಿಟ್ಟಳು: "ಯಾವ ಹಂಚು? ಹಬ್ಬಕ್ಕಂತ ಎರಡ ದಿನ ಆತು, ಹಂಚು ಕವುಚಿ ಇಟ್ಟೀನಲ್ಲ. ಕಡಬಿನ ಎಣ್ಣಿ ಸಿಡಿದಿರಬೇಕು."

ಕಾಕಾ ಎರಡು ಎಲೆ ಬನ್ನಿಯನ್ನು ನನ್ನ ಎಡಗೈಯಲ್ಲಿಟ್ಟು ಹೋದರು.

ಅದರ ಮರುದಿನ ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ ಕೂತರು. ಆಫೀಸಿನಲ್ಲಿ ನನ್ನ ಮೇಜಿಗೂ ಅವರ ಖೋಲಿಗೂ ನಡುವೆ ಗಾಜು. ಅವರು ಒಳಗೆ ಹೋಗಿ, ಬಾಡಿದ ಹೂವನ್ನು ಎತ್ತಿ, ಹಾಗೆಯೇ ನಿಂತರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಟೈಪ್ ಮಾಡುತ್ತಲೇ ಇದ್ದೆ. ಪದ ಪದದ ನಡುವೆ ಜಾಗ ಬಿಡಲು ಕೆಳಗಿನ ಉದ್ದ ಪಟ್ಟಿಯನ್ನು ಬಲ ಹೆಬ್ಬೆರಳಿನಿಂದ ಹೊಡೆಯುವುದು ರೂಢಿ. ಬೊಬ್ಬೆಯ ದೆಸೆಯಿಂದ ಅವತ್ತು ಎಡಗೈಯಿಂದ ಹೊಡೆಯುತ್ತಿದ್ದೆ. ಪ್ರತಿ ಪದದ ಕೊನೆಗೂ ಒಂದು ತಡವರಿಕೆ. ಮೊದಲು ತಂತಿ ಕಚೇರಿಯಲ್ಲಿ, ಆಮೇಲೆ ಇಲ್ಲಿ, ಮೂವತ್ತು ವರ್ಷ ಕಟಕಟ ಸದ್ದಿನಲ್ಲೇ ಬದುಕಿದ ಮನುಷ್ಯ ಅವರು. ಕಣ್ಣು ಮುಚ್ಚಿಕೊಂಡು, ಬೊಂಬಾಯಿಯ ಆ ತುದಿಯಲ್ಲಿ ಇವತ್ತು ಯಾರು ಕೂತಿದ್ದಾರೆ ಅಂತ ಹೇಳಬಲ್ಲವರು. ನನ್ನ ಸದ್ದು ಕೇಳುತ್ತಾ ಕೇಳುತ್ತಾ ಅವರು ನಿಧಾನಕ್ಕೆ ತಿರುಗಿ ಗಾಜಿನಿಂದ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

ಅಷ್ಟರಲ್ಲಿ ಸುದ್ದಿ ಬಂತು, ನಾಳೆ ಇಂಜಿನಿಯರ್ ಬರುತ್ತಾನೆ, ಸಾಹೇಬನೂ ಜೊತೆಗೆ. ಮಧ್ಯಾಹ್ನ ಕಾಕಾ ಎಲ್ಲರಿಗೂ ಚಾ ಹೇಳಿ ಕ್ಯಾಂಟೀನಿಗೆ ಕಳಿಸಿದರು. ಹಬ್ಬದ ಚಾ ಅಂದರು. ಅಂಥ ಧಾರಾಳ ಅವರಲ್ಲಿ ಯಾರೂ ಕಂಡಿರಲಿಲ್ಲ, ನಗುತ್ತಾ ಹೋದರು. ನಾವು ವಾಪಸು ಬಂದಾಗ ಆಫೀಸಿನಲ್ಲಿ ಮತ್ತೆ ಅದೇ ವಾಸನೆ. ಅಚ್ಚು ಇಲ್ಲದೆ ಮುದ್ರೆ ಸರಿಯಾಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಹೆದರಿದ ಜೀವ, ಕಾಕಾ ಏನೋ ಮಾಡಿ ಸರಿಪಡಿಸಿದ್ದಾರೆ ಅಂತ ನಂಬಿಕೊಂಡೆ.

ಸಂಜೆ ಬಸ್ಸು ಕಿಕ್ಕಿರಿದಿತ್ತು. ಕಾಕಾ ಮೇಲಿನ ಕಂಬಿ ಹಿಡಿದು ನಿಂತಿದ್ದರು. ನನ್ನ ಕಣ್ಣ ಮುಂದೆಯೇ ಅವರ ಬಲಗೈ. ಹೆಬ್ಬೆರಳು ಕೆಂಪಗೆ ಬೆಂದು, ನೀರು ತುಂಬಿ ಉಬ್ಬಿತ್ತು. ನನ್ನದು ಹೇಗಿತ್ತೋ ಹಾಗೆಯೇ.

ಅವರು ನನ್ನ ಕಡೆ ನೋಡದೆ, ಕಿಟಕಿಯ ಹೊರಗಿನ ತೊಗರಿ ಹೊಲ ನೋಡುತ್ತಾ ಅಂದರು: "ನಾಳೆ ಯಾರರ ಕೇಳಿದ್ರ, ನೀ ಬಾಗಲದೊಳಗ ಕಾಲ ಇಟ್ಟಿಲ್ಲ. ತಿಳೀತ?"

"ಕಾಕಾ, ನಾ..."

"ಹೆಣ್ಣಮಗಳ ಹೆಸರು ಒಮ್ಮಿ ಠಾಣೆ ಕಾಗದದಾಗ ಬಿತ್ತಂದ್ರ ಅಳಸೂದಿಲ್ಲವ್ವಾ. ನಿಮ್ಮಪ್ಪಗ ನಾ ಮಾತ ಕೊಟ್ಟೀನಿ. ಸುಮ್ಮನಿರು."

ಮರುದಿನ ಸಾಹೇಬ ಬಂದ. ಭೂತಗನ್ನಡಿ ಹಿಡಿದು ಅರಗು ನೋಡಿದ. ಮುಖ ಎತ್ತಿದಾಗ ಅವನ ಮೀಸೆಯ ಕೆಳಗೆ ಸಣ್ಣ ನಗೆ. ಆಫೀಸಿನ ಏಳೂ ಮಂದಿಯನ್ನು ಸಾಲಾಗಿ ನಿಲ್ಲಿಸಿದ. ಮೇಜಿನ ಮೇಲೆ ಮಸಿಯ ಡಬ್ಬಿ, ಬಿಳಿ ಕಾಗದ. ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಬೇಕು. ನಾನು ಐದನೆಯವಳು. ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚು ಅಂದರೆ ಮುಗಿಯಿತು. ಮೊದಲನೆಯವನು ಒತ್ತಿದ, ಎರಡನೆಯವನು ಒತ್ತಿದ. ಉಗ್ರಾಣದ ಗುಮಾಸ್ತನ ಕಪ್ಪು ಬಸಿಯ ಸದ್ದು ಕಿವಿಯಲ್ಲಿ ಕೇಳುತ್ತಿತ್ತು. ಅಪ್ಪನ ಮುಖ ಕಾಣುತ್ತಿತ್ತು.

ಸಾಲಿನ ಕೊನೆಯಲ್ಲಿದ್ದ ಕಾಕಾ ಮುಂದೆ ಬಂದರು. "ಮಂದಿನ್ನ ಯಾಕ ನಿಂದ್ರಸ್ತೀರಿ ಸಾಹೇಬರ, ನಂದು ನೋಡ್ರಿ," ಅಂತ ಬೊಬ್ಬೆ ಎದ್ದ ಬೆರಳನ್ನೇ ಮಸಿಯಲ್ಲಿ ಅದ್ದಿದರು. ನೋವಿಗೆ ಅವರ ಕಣ್ಣು ಕಿರಿದಾದದ್ದು ನನಗೆ ಕಂಡಿತು. ಅರಗಿನ ಮೇಲಿದ್ದದ್ದು ಅವರ ಗೆರೆಗಳೇ. ನನ್ನ ಗೆರೆಗಳನ್ನು ಕರಗಿಸಿ ಅದರ ಮೇಲೆ ಅವರು ತಮ್ಮ ಬೆರಳು ಒತ್ತಿದ್ದರು.

ಸಾಲು ಚದುರಿತು. ಉಳಿದವರ ಬೆರಳು ಬೇಕಾಗಲಿಲ್ಲ.

ಏನಾಯಿತು ಅಂತ ಸಾಹೇಬ ಕೇಳಿದ. ಕಾಕಾ ನಡೆದದ್ದನ್ನೇ ಹೇಳಿದರು. ಖಂಡೆಪೂಜೆಗೆ ಕರ್ಪೂರ ಹಚ್ಚಿದೆ, ಅರಗು ಕರಗಿತು, ಬೆರಳಿನಿಂದ ಒತ್ತಿದೆ, ಅಷ್ಟೇ. ಅದರಲ್ಲಿ ಸುಳ್ಳಾಗಿದ್ದದ್ದು ಒಂದೇ, ಯಾರ ಬೆರಳು ಅನ್ನುವುದು. ಸಾಹೇಬ ಮೆತ್ತಗೆ ನಕ್ಕ.

"ಮೂವತ್ತ ವರ್ಷ ಮಷೀನ್ ಮುಂದ ಕುಂತಾಂವ ಅರಗಿನ ಬುಡಕ್ಕ ಕರ್ಪೂರ ಹಚ್ಚತೀಯೇನು? ಯಾರಿಗೆ ಹೇಳ್ತಿ ಈ ಕಥಿ?"

ಅಲ್ಲೇ ಇದ್ದದ್ದು ನನ್ನ ಜೀವ ಹಿಂಡುವ ಮಾತು. ಆ ತಪ್ಪನ್ನು ಕಾಕಾ ಮಾಡಲು ಸಾಧ್ಯವೇ ಇರಲಿಲ್ಲ. ಕೆಲಸಕ್ಕೆ ಬಂದು ವರ್ಷವೂ ತುಂಬದ, ಯಂತ್ರದ ಗಂಧವಿಲ್ಲದ ಹುಡುಗಿ ಮಾಡಿದಳು ಅಂದಿದ್ದರೆ ಸಾಹೇಬನೂ ನಂಬುತ್ತಿದ್ದನೇನೋ. ಬೈದು ಮನೆಗೆ ಕಳಿಸುತ್ತಿದ್ದನೇನೋ. ಖರೇ ಮಾತು ಅವರ ಬಾಯಲ್ಲಿ ಸುಳ್ಳಾಗಿ ಕೇಳಿತು, ನನ್ನ ಬಾಯಲ್ಲಿ ಅದು ಖರೇ ಆಗಿಯೇ ಇರುತ್ತಿತ್ತು. ನಾಲ್ಕು ಹೆಜ್ಜೆ ಮುಂದೆ ಹೋಗಿ ಒಂದು ಮಾತು ಹೇಳಬೇಕಿತ್ತು, ಅಷ್ಟೇ. ನಾನು ನಿಂತಲ್ಲೇ ಬೆರಳಿನ ಬಟ್ಟೆಯನ್ನು ಬಿಗಿ ಮಾಡಿಕೊಂಡೆ. ಬೊಂಬಾಯಿಯ ಇಂಜಿನಿಯರ್ ಪಾಪದವನು. ಪೆಟ್ಟಿಗೆ ಬಿಚ್ಚಿ ನೋಡಿ, ಒಳಗಿನದು ಹಾಗೆಯೇ ಇದೆ, ಯಾರಾದರೂ ಕದ್ದು ಬಿಚ್ಚಿದ್ದರೆ ಇದು ಎಲ್ಲ ಮರೆತಿರುತ್ತಿತ್ತು ಅಂತ ಎರಡು ಸಲ ಹೇಳಿದ. ಬಿಚ್ಚದಿದ್ದರೆ ಬೆರಳು ಅಲ್ಲಿಗೆ ಯಾಕೆ ಹೋಯಿತು ಅಂತ ಸಾಹೇಬ ಕೇಳಿದ. ಇಂಜಿನಿಯರ್ ತನ್ನ ಸಾಮಾನು ಕಟ್ಟತೊಡಗಿದ.

ಜೀಪು ಬಂತು. ಕಾಕಾ ಕೋಟಿನ ಗುಂಡಿ ಹಾಕಿಕೊಂಡು, ನನ್ನ ಮೇಜಿನ ಪಕ್ಕದಿಂದಲೇ ಹೋದರು. ಊಟದ ಡಬ್ಬಿ ಕಿಟಕಿಯಲ್ಲೇ ಉಳಿಯಿತು.

ಅವತ್ತು ಬಸ್ಸಿನಲ್ಲಿ ನಾನೊಬ್ಬಳೇ, ತೊಡೆಯ ಮೇಲೆ ಆ ಡಬ್ಬಿ. ಅವರ ಮನೆಗೆ ಹೋಗಿ ಕೊಟ್ಟೆ. ಅವರ ಹೆಂಡತಿ ಕಾಕು ಮುಚ್ಚಳ ತೆಗೆದು ನೋಡಿ, ಎರಡೂ ರೊಟ್ಟಿ ಹಾಗೇ ಇವೆಯಲ್ಲ, ಯಾಕೆ ಉಣಲಿಲ್ಲ ಅಂತ ಕೇಳಿದರು. ಕೆಲಸ ಹೆಚ್ಚಿತ್ತು, ಇವತ್ತು ತಡವಾಗಿ ಬರುತ್ತಾರೆ ಅಂದೆ. ಅಷ್ಟೇ ಹೇಳಿ ಬಂದುಬಿಟ್ಟೆ. ಜೀಪಿನ ಸುದ್ದಿ ಕಾಕುಗೆ ಬೇರೆಯವರಿಂದ ಮುಟ್ಟಿತು.

ಮೂರು ದಿನದ ಮೇಲೆ ಕಾಕಾನನ್ನು ಬಿಟ್ಟರು. ಅವರ ಮೇಲೆ ಏನೂ ಸಿಗಲಿಲ್ಲ. ಸಿಗದಿದ್ದರೇನು, ಕೆಲಸ ಹೋಯಿತು, ಹೆಸರೂ ಹೋಯಿತು. ಗುಟ್ಟು ಮಾರಿದವನು ಅಂತ ಓಣಿಯ ಬಾಯಿ ಬಾಯಲ್ಲೂ ಅದೇ ಮಾತು. ಚಾದಂಗಡಿಯಲ್ಲಿ ಅವರು ಕೂತ ಬೆಂಚಿನಿಂದ ಮಂದಿ ಏಳತೊಡಗಿದರು. ಎಲ್ಲಕ್ಕಿಂತ ಕೆಟ್ಟದ್ದು ಒಂದು ಸಂಜೆ ಊಟದ ಹೊತ್ತಿನಲ್ಲಿ ಅಪ್ಪ ಅಂದ ಮಾತು. ಇಂಥವನ ಮೇಲೆ ಭಾರ ಹಾಕಿ ಮಗಳನ್ನು ಕಳಿಸಿದ್ದೆನಲ್ಲ, ದೇವರು ಕಾಪಾಡಿದ. ನಾನು ಅನ್ನ ಕಲಸುತ್ತಲೇ ಇದ್ದೆ. ಅವ್ವ ಎದ್ದು ಒಳಗೆ ಹೋದಳು.

ಕಾಕಾ ಮನೆ ಖಾಲಿ ಮಾಡಿ ಕಾಕುವಿನ ತವರು ನಾರಾಯಣಪುರಕ್ಕೆ ಹೋದರು. ನಾನು ಇನ್ನೂ ಹನ್ನೊಂದು ತಿಂಗಳು ಅದೇ ಮೇಜಿನಲ್ಲಿ, ಅದೇ ಗಾಜಿನ ಎದುರು ಟೈಪ್ ಮಾಡಿದೆ. ಆ ಖೋಲಿಗೆ ಹೊಸಬ ಬಂದ. ಮುಂದಿನ ಖಂಡೆಪೂಜೆಯ ಹೊತ್ತಿಗೆ ನನ್ನ ಮದುವೆಯಾಯಿತು.

ಮದುವೆಯಾದ ಮೇಲೆ ಒಮ್ಮೆ ಗಂಡನ ಜೊತೆ ನಾರಾಯಣಪುರದ ಗುಡಿಗೆ ಹೋಗಿದ್ದೆ. ಗುಡಿಗಾಗಿ ಅಲ್ಲ, ಅದು ನನಗೆ ಗೊತ್ತಿತ್ತು. ಹಳೆಯ ಶಿವನ ಗುಡಿಯ ಕಟ್ಟೆಯ ಮೇಲೆ ಕಾಕಾ ಕೂತಿದ್ದರು, ಮುಂದೆ ಬಿಚ್ಚಿದ ರೇಡಿಯೊ. ಹಳ್ಳಿಯವರ ರೇಡಿಯೊ ರಿಪೇರಿ ಮಾಡಿಕೊಡುತ್ತಿದ್ದರಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವರ ಕಾಲು ಮುಟ್ಟಿದಾಗ ಒಂದೂ ಹೊರಡಲಿಲ್ಲ.

"ಬೆರಳು ಮಾಯ್ತೇನವ್ವಾ?" ಅಂದರು.

"ಮಾಯ್ತ್ರಿ ಕಾಕಾ."

ಯಾವ ಬೆರಳು, ಏನಾಗಿತ್ತು ಅಂತ ನನ್ನ ಗಂಡ ಕೇಳಿದರು. ಕಾಕಾ ರೇಡಿಯೊದ ತಂತಿ ಬೆಸೆಯುತ್ತಾ, ತಲೆಯೆತ್ತದೆ ಅಂದರು: "ಏನಿಲ್ರಿ ಅಳಿಯಂದ್ರ. ಆವಾಗ ರೊಟ್ಟಿ ಹಂಚು ತಾಗಿತ್ತು."

ಅದೇ ಕೊನೆಯ ಭೇಟಿ. ಮೂರು ವರ್ಷದ ಮೇಲೆ ಅವರು ಹೋದ ಸುದ್ದಿ ಬಂತು, ಅದಾದ ಮೇಲೆ ಕಾಕು... ಅಪ್ಪನೂ ಏನೂ ತಿಳಿಯದೆಯೇ ಹೋದರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ. ಆ ಪೆಟ್ಟಿಗೆ ಯಾವ ಗುಜರಿಗೆ ಹೋಯಿತೋ.

ಮೊನ್ನೆ ಅಂಚೆ ಕಚೇರಿಯಿಂದ ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ತೊಗರಿಕಾಯಿ ಸುಲಿಯುತ್ತಿದ್ದಳು. ಈಗ ನನ್ನ ಜೊತೆಯಲ್ಲೇ ಇರುತ್ತಾಳೆ, ಕಣ್ಣು ಮಂಜು. ಅವಳ ಪಕ್ಕ ಕೂತು, ನಾಲ್ಕು ಕಾಯಿ ಸುಲಿದು, ಎಲ್ಲ ಹೇಳಿಬಿಟ್ಟೆ. ಕರ್ಪೂರ, ಅರಗು, ಎರಡು ಹೆಬ್ಬೆಟ್ಟು. ಅವಳ ಕೈ ನಿಲ್ಲಲಿಲ್ಲ. ಒಂದು ಕಾಯಿ ಮುಗಿಸಿ ಇನ್ನೊಂದು ತೆಗೆದುಕೊಂಡಳು.

"ಹಂಚು ಕವುಚಿ ಇಟ್ಟೀನಿ ಅಂದೆನಲ್ಲ ಅವತ್ತು, ಅಂದ ಮ್ಯಾಲ ಆ ಮನಷ್ಯಾನ ಮಾರಿ ನೋಡ್ದೆ. ಜೀಪ್ ಬಂದಿತ್ತಂತ ಕೇಳಿದ ದಿನನ ನನಗ ತಿಳೀತು." ಸಿಪ್ಪೆಯನ್ನು ಬದಿಗೆ ಸರಿಸಿ ಮತ್ತೆ ಅಂದಳು, "ನಿಮ್ಮಪ್ಪನ ಮುಂದ ಹ್ಯಾಂಗ ಹೇಳ್ಲಿ? ನಿನ್ನ ಲಗ್ನದ ಮಾತ ನಡದಿತ್ತು."

ಇಪ್ಪತ್ತು ವರ್ಷ ಒಂದೇ ಮಾತನ್ನು ಇಬ್ಬರೂ ಬೇರೆ ಬೇರೆ ನುಂಗಿಕೊಂಡು ಕೂತಿದ್ದೆವು.

ಹೇಳಬೇಕಾದವರು ಯಾರೂ ಉಳಿದಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತೇನೆ. ಟೆಲೆಕ್ಸ್ ಕಾಕಾ ಯಾರಿಗೂ ಏನನ್ನೂ ಮಾರಲಿಲ್ಲ. ಆ ಅರಗಿನ ಮೇಲೆ ಮೊದಲು ಬಿದ್ದ ಹೆಬ್ಬೆಟ್ಟು ನನ್ನದು. ಇಷ್ಟು ಬರೆಯಲಿಕ್ಕೂ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಿದ್ದೇನೆ. ಹೊರಗೆ ಯಾವುದೋ ಗಾಡಿ ನಿಂತ ಸದ್ದಾಯಿತು. ಪೆನ್ನು ಕೆಳಗಿಟ್ಟು, ಅದು ಹೋಗುವವರೆಗೂ ಸುಮ್ಮನೆ ಕೂತಿದ್ದೆ.